ಓದೋಕೆ ಬರದವನ ಸೊಂಟದಲ್ಲಿ ರೆಕಾರ್ಡ್ ರೂಮಿನ ಬೀಗದ ಕೈ

ಆಫೀಸಿನಲ್ಲಿ ಒಂದು ಬೀಗ ಇದ್ದು, ಅದರ ಕೈ ಒಬ್ಬನ ಸೊಂಟದಲ್ಲಿದ್ದರೆ, ಆ ಒಬ್ಬನ ಸುತ್ತ ದಿನಕ್ಕೊಂದು ತಮಾಷೆ ನಡೆಯಲೇಬೇಕು. ಬೇಡ ಅಂದರೂ ನಡೆಯುತ್ತೆ. ನಾನು ಹದಿನೇಳು ವರ್ಷ ಬೀಗದ ಕೈ ಇಟ್ಟುಕೊಂಡಿದ್ದವನು, ಅದಕ್ಕೇ ಹೇಳ್ತಿದೀನಿ. ಬ್ಯಾಂಕಿನವನಿಗೆ ದುಡ್ಡು ಕಾಯೋದು ಗೊತ್ತಿರಬಹುದು, ಪೊಲೀಸಿನವನಿಗೆ ಕಳ್ಳನ್ನ ಕಾಯೋದು ಗೊತ್ತಿರಬಹುದು. ಕಾಗದ ಕಾಯೋದು ಅಂದರೆ ಏನು ಅಂತ ಈ ಜಿಲ್ಲೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಇದು ಜಂಬ ಅಲ್ಲ, ಇದ್ದದ್ದು ಹೇಳಿದೆ. ಜಂಬದ ಮಾತು ಮುಂದೆ ಬರುತ್ತೆ.

೧. ಮೂರು ಜನ ಓದಿದರು, ನಾನು ಗೆದ್ದೆ

ಎಪ್ಪತ್ತೆರಡೋ ಎಪ್ಪತ್ಮೂರೋ ಇಸವಿ. ತುಮಕೂರಿನ ನಮ್ಮ ಆಫೀಸಿಗೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತಾಲ್ಲೂಕಿನ ಕಾಗದ ಬಂದು ಬೀಳುತ್ತಿತ್ತು. ಅದನ್ನೆಲ್ಲ ಕಟ್ಟಿಡೋದಕ್ಕೆ ಹಿಂದುಗಡೆ ಒಂದು ಉದ್ದನೆ ಕೋಣೆ. ಅದೇ ರೆಕಾರ್ಡ್ ರೂಮು. ಆಗ ಅದಕ್ಕೆ ಬೀಗ ಇರಲಿಲ್ಲ. ಯಾರು ಬೇಕಾದರೂ ನುಗ್ಗಿ ಯಾವ ಫೈಲು ಬೇಕಾದರೂ ಎತ್ತಿಕೊಂಡು ಹೋಗುತ್ತಿದ್ದರು. ಕುಣಿಗಲ್ಲಿನ ಒಂದು ದಪ್ಪನೆ ಫೈಲು ಆರು ತಿಂಗಳು ಕಾಣೆಯಾಗಿ, ಕೊನೆಗೆ ಹೆಡ್ ಕ್ಲರ್ಕಿನ ಮೇಜಿನ ಕುಂಟುಗಾಲಿನ ಕೆಳಗೆ ಸಿಕ್ಕಿತು. ಎಳೆದರೆ ಮೇಜು ಅಲ್ಲಾಡುತ್ತೆ ಅಂತ ಹೆಡ್ ಕ್ಲರ್ಕು ಕೊಡೋಕೇ ಒಪ್ಪಲಿಲ್ಲ.

ಆ ಕೋಣೆಯ ಮೂಲೆಯಲ್ಲಿ ಒಂದು ಹಸಿರು ಕಬ್ಬಿಣದ ಬೀರು. ಆಫೀಸಿನ ಒಬ್ಬೊಬ್ಬರ ಬಗ್ಗೆಯೂ ವರ್ಷಕ್ಕೊಂದು ಸಲ ಸಾಹೇಬರು ಗುಟ್ಟಾಗಿ ಬರೆಯೋ ರಿಪೋರ್ಟು ಅದರಲ್ಲಿ ಇರುತ್ತಿತ್ತು. ಯಾರು ದುಡೀತಾರೆ, ಯಾರು ತೂಕಡಿಸ್ತಾರೆ, ಯಾರಿಗೆ ಪ್ರಮೋಷನ್ ಕೊಡಬಹುದು, ಎಲ್ಲ. ನನಗಿಂತ ಮುಂಚೆ ಆ ಕೋಣೆ ನೋಡಿಕೊಳ್ಳುತ್ತಿದ್ದವನಿಗೆ ಓದು ಬರುತ್ತಿತ್ತು, ಇಂಗ್ಲಿಷೂ ಬರುತ್ತಿತ್ತು. ಅವನು ಓದಿದ. ಓದಿದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆಫೀಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಹಾಗಾಯಿತು. ಟೈಪಿಸ್ಟ್ ಅಮ್ಮ ಎರಡು ವಾರ ಸಾಹೇಬರ ಕಾಗದಾನೇ ಟೈಪ್ ಮಾಡಲಿಲ್ಲ.

ಆಗ ಸಾಹೇಬರು ಬೀಗ ತರಿಸಿದರು. ನಮ್ಮ ನಾಲ್ಕು ಜನ ಅಟೆಂಡರುಗಳನ್ನು ಸಾಲಾಗಿ ನಿಲ್ಲಿಸಿ, ಒಂದು ಕಾಗದ ಕೊಟ್ಟು "ಓದಿ" ಅಂದರು. ಮೊದಲನೆಯವನು ಗಡಗಡ ಓದಿದ. ಎರಡನೆಯವನು ರಾಗವಾಗಿ ಓದಿದ. ಮೂರನೆಯವನು ಓದಿ ಅರ್ಥವನ್ನೂ ಹೇಳಿದ. ನನ್ನ ಕೈಗೆ ಬಂತು. ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ.

"ಕಾಗದ ಗಟ್ಟಿ ಐತೆ ಸಾರ್."

"ಏನು ಬರೆದಿದೆ?"

"ನೀಲಿ ಇಂಕಲ್ಲಿ ಬರೆದವ್ರೆ ಸಾರ್."

ಸಾಹೇಬರು ಕುರ್ಚಿಯಿಂದ ಎದ್ದು ಬಂದು ಬೀಗದ ಕೈ ನನ್ನ ಅಂಗೈ ಮೇಲಿಟ್ಟರು. "ನೋಡಯ್ಯಾ, ನಿನಗೆ ಓದೋಕೆ ಬರಲ್ಲ ಅಂತಲೇ ಇದು ನಿನ್ನ ಹತ್ರ ಇರೋದು. ಯಾವತ್ತು ಅಕ್ಷರ ಬಂತೋ ಅವತ್ತು ಕೈ ವಾಪಸ್ಸು. ನೀನು ಮತ್ತೆ ಅಂಗಳಕ್ಕೆ."

ಅಲ್ಲಿವರೆಗೂ ನನ್ನ ಕೆಲಸ ಅಂಗಳ ಗುಡಿಸೋದು, ಸಾಹೇಬರ ಸೈಕಲ್ಲು ಒರೆಸೋದು. ಅವತ್ತು ಸಂಜೆ ಉಡುದಾರಕ್ಕೆ ಬೀಗದ ಕೈ ಕಟ್ಟಿಕೊಂಡು ಊರ್ಡಿಗೆರೆಯ ನಮ್ಮ ಮನೆಗೆ ಹೋದೆ. ನಮ್ಮವಳು ಅದನ್ನು ಮುಟ್ಟಿ ನೋಡಿ ಕಣ್ಣಿಗೊತ್ತಿಕೊಂಡಳು. ಮಾರನೇ ದಿನ ಬಾವಿ ಕಟ್ಟೆಯಲ್ಲಿ ಹೇಳಿದಳಂತೆ: "ನಮ್ಮ ಯಜಮಾನ್ರ ಸೊಂಟದಲ್ಲಿ ಮೂರು ತಾಲ್ಲೂಕು ಅವೆ ಕಣೇ!" ಆಮೇಲೆ ಹದಿನೇಳು ವರ್ಷ, ಮನೆ ಹೊಸಿಲು ದಾಟೋ ಮುಂಚೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದಳು.

ಓದಿದ ಆ ಮೂರು ಜನ? ಅವತ್ತಿನಿಂದ ಮೂವರೂ ತಮಗೆ ಓದು ಬರಲ್ಲ ಅಂತ ಆಣೆ ಇಡೋಕೆ ಶುರು ಮಾಡಿದರು. ಒಬ್ಬನಂತೂ ಸಂಬಳದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ.

೨. ಗಿಳಿ ರಜಾದಲ್ಲಿದೆ

ಬೀಗದ ಕೈ ಬಂತು, ಸರಿ. ಅಕ್ಷರ ಬರದವನು ಫೈಲು ಯಾರಿಗೆ ಕೊಟ್ಟೆ ಅಂತ ಹೇಗೆ ನೆನಪಿಡಬೇಕು? ಈಗಿನವರು ಕಂಪ್ಯೂಟರಿನಲ್ಲಿ ಮಾಡೋದನ್ನ ನಾನು ಡಾಲ್ಡಾ ಡಬ್ಬದ ತಗಡಿನಲ್ಲಿ ಮಾಡಿದೆ.

ತಗಡು ಕತ್ತರಿಸಿ ಆಫೀಸಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಿಲ್ಲೆ ಮಾಡಿದೆ. ಅದರ ಮೇಲೆ ಮೊಳೆಯಲ್ಲಿ ಕೊರೆದು ಒಂದೊಂದು ಚಿತ್ರ. ಫೈಲು ಬೇಕು ಅಂದವರು ಸಾಹೇಬರದೋ ಹೆಡ್ ಕ್ಲರ್ಕಿಂದೋ ಸೈನಿರೋ ಚೀಟಿ ತರಬೇಕು, ಜೊತೆಗೆ ತಮ್ಮ ಬಿಲ್ಲೆ ಕೊಡಬೇಕು. ಫೈಲು ತೆಗೆದ ಜಾಗದಲ್ಲಿ ಆ ಬಿಲ್ಲೆ ನೇತುಹಾಕುತ್ತಿದ್ದೆ. ಫೈಲು ಬಂದರೆ ಬಿಲ್ಲೆ ವಾಪಸ್ಸು. ಕಪಾಟಿಗೂ ಚಿತ್ರ ಬರೆದಿದ್ದೆ. ಗುಬ್ಬಿ ತಾಲ್ಲೂಕಿಗೆ ಗುಬ್ಬಚ್ಚಿ. ಕುಣಿಗಲ್ಲಿಗೆ ಕುದುರೆ, ಅಲ್ಲಿ ಕುದುರೆ ಸಾಕೋದು ಯಾರಿಗೆ ಗೊತ್ತಿಲ್ಲ. ತುಮಕೂರಿಗೆ ತುಂಬೆ ಹೂವು. ಕಟ್ಟಿದ ದಾರದ ಗಂಟು ನೋಡಿದರೆ ನನ್ನ ಕೈಯದೋ ಬೇರೆಯವರದೋ ಅಂತಲೂ ಗೊತ್ತಾಗುತ್ತಿತ್ತು, ಯಾಕೆ ಅಂದರೆ ನಾನು ಎಡಗೈಯವನು.

ಬಿಲ್ಲೆಗೆ ಚಿತ್ರ ಆರಿಸಿದ್ದು ನಾನೇ, ಅವರವರ ಗುಣ ನೋಡಿ. ಟೈಪಿಸ್ಟ್ ಅಮ್ಮನಿಗೆ ಗಿಳಿ. ಹೆಡ್ ಕ್ಲರ್ಕಿಗೆ ಆನೆ, ಅವರು ಹೊಟ್ಟೆ ಸವರಿಕೊಂಡು ಸಂತೋಷಪಟ್ಟರು. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬಂದು ಗುಬ್ಬಿ ತಾಲ್ಲೂಕಿನ ಕಾಗದ ನೋಡುತ್ತಿದ್ದ ಒಬ್ಬ ಗುಮಾಸ್ತರಿದ್ದರು, ಅವರಿಗೆ ಮಾತ್ರ ಆಮೆ.

"ಏನ್ಲಾ ಇದು? ನನಗೆ ಯಾಕೆ ಆಮೆ?" ಅಂತ ಕೂಗಾಡಿದರು.

"ನೀವು ತಗೊಂಡು ಹೋದ ಫೈಲು ವಾಪಸ್ ಬರೋದು ನೋಡಿ ಬರೆದೆ ಸಾರ್. ಬೇಗ ಬಂದರೆ ಮೊಲ ಮಾಡಿಕೊಡ್ತೀನಿ."

ಗುಬ್ಬಿ ಗುಮಾಸ್ತರು ಅವಮಾನ ತಾಳಲಾರದೆ, ವರ್ಷಾನುಗಟ್ಟಲೆ ಮನೆಯಲ್ಲಿ, ಸೋದರಮಾವನ ಮನೆಯಲ್ಲಿ, ಗುಬ್ಬಿ ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಬಿಟ್ಟಿದ್ದ ಫೈಲುಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ತಂದು ಸುರಿದರು. ಎಣಿಸಿದೆ, ನಲವತ್ತೊಂದು. ಅದರಲ್ಲಿ ಮೂರು ನಮ್ಮ ಆಫೀಸಿನದೇ ಅಲ್ಲ.

ಮೊಲ ಸಿಕ್ಕಿತು. ಸಿಕ್ಕಿದ ಮೇಲೆ ಕಾಲು ಓಡೋಕೆ ಶುರುವಾಯಿತು. ಅವರಿಗೆ ಹಸಿರು ಬೀರುವಿನ ಮೇಲೆ ಕಣ್ಣು. ಸಾಹೇಬರು ತನ್ನ ಬಗ್ಗೆ ಏನು ಬರೆದಿದ್ದಾರೋ ಅನ್ನೋ ಚಿಂತೆಯಲ್ಲಿ ಆ ಮನುಷ್ಯ ಸೊರಗಿ ಹೋಗಿದ್ದರು. ಬೀರುವಿನ ಕಾಗದ ಅವರಿಗೆ ಕೊಡೋ ಹಾಗಿಲ್ಲ. ರಿಪೋರ್ಟು ಟೈಪ್ ಮಾಡೋದಕ್ಕೆ ಟೈಪಿಸ್ಟ್ ಅಮ್ಮನಿಗೆ ಮಾತ್ರ ಕೊಡಬಹುದು. ಒಂದು ದಿನ ಗುಮಾಸ್ತರು ಗಿಳಿ ಬಿಲ್ಲೆ ಹಿಡಿದುಕೊಂಡು ಬಂದರು.

"ಅಮ್ಮಾವ್ರು ಕಳಿಸಿದ್ರು ಕಣಯ್ಯಾ. ಬೀರುವಿನ ಕಟ್ಟು ಕೊಡಬೇಕಂತೆ."

"ಗಿಳಿ ರಜಾದಲ್ಲಿದೆ ಸಾರ್."

"ಆಂ?"

"ಬೆಳಗ್ಗೆ ಅಮ್ಮಾವ್ರು ಮಗಳ ನಾಮಕರಣಕ್ಕೆ ಅಂತ ರಜಾ ಹಾಕಿದ್ದಾರೆ. ನಿಮ್ಮನ್ನೂ ಕರೆದವ್ರಂತೆ."

ಗುಮಾಸ್ತರ ಮುಖ ಇಷ್ಟಾಯಿತು. ಬಿಲ್ಲೆಯನ್ನು ಅಮ್ಮಾವ್ರ ಡ್ರಾಯರಿನಿಂದ ಎತ್ತಿದ್ದರು. ಅದನ್ನು ನನ್ನ ಕೈಗೆ ಕೊಟ್ಟು, ಬಾಗಿಲವರೆಗೆ ಹೋಗಿ, ತಿರುಗಿ ಬಂದು ಪಿಸುಗುಟ್ಟಿದರು: "ನಾನು ಮೊಲ ಆಗಬಾರದಿತ್ತು. ಆಮೇನೇ ವಾಪಸ್ ಕೊಟ್ಟುಬುಡಪ್ಪಾ."

೩. ಸಾಹೇಬರನ್ನು ಒಳಗೆ ಬಿಡಬಹುದು

ಚೀಟಿ ಓದೋಕೆ ಬರಲ್ಲ, ಆದರೆ ಸೈನು? ಸೈನು ಅಂದರೆ ಚಿತ್ರ. ಚಿತ್ರ ನನಗೆ ನೀರು ಕುಡಿದಷ್ಟು ಸುಲಭ. ಹೆಡ್ ಕ್ಲರ್ಕಿನ ಸೈನು ಕಪ್ಪೆ ನುಂಗುತ್ತಿರೋ ಕೇರೆಹಾವು. ಸಾಹೇಬರದು ಮೂಕಿ ಮುರಿದ ಎತ್ತಿನ ಗಾಡಿ, ಕೊನೆಯಲ್ಲಿ ಎರಡು ಚಕ್ರ. ಒಂದು ಚಕ್ರ ಕಮ್ಮಿ ಬಿದ್ದರೂ ಫೈಲು ಕೊಡುತ್ತಿರಲಿಲ್ಲ.

ಒಂದು ಸಲ ಬೆಂಗಳೂರಿನಿಂದ ಸಾಹೇಬರಿಗಿಂತಲೂ ದೊಡ್ಡ ಸಾಹೇಬರು ಬಂದು ಕೂತಿದ್ದರು. ನಮ್ಮ ಸಾಹೇಬರಿಗೆ ಹಿಂದಿನ ದಿನ ಬಲಗೈ ಹೆಬ್ಬೆರಳು ಯಾರದೋ ಕಾರಿನ ಬಾಗಿಲಿಗೆ ಸಿಕ್ಕಿ ಕುಂಬಳಕಾಯಿಯ ಹಾಗೆ ಬ್ಯಾಂಡೇಜು. ಹಸಿರು ಬೀರುವಿನ ಒಂದು ಕಾಗದ ಬೇಕಿತ್ತು, ತಾವೇ ಚೀಟಿ ಹಿಡಿದುಕೊಂಡು ಬಂದರು.

ನೋಡಿದೆ. ಗಾಡಿ ಇಲ್ಲ, ಚಕ್ರ ಇಲ್ಲ. ಏನೋ ಸತ್ತ ಜೇಡ ಇದ್ದ ಹಾಗಿತ್ತು.

"ಇದು ಸಾಹೇಬರ ಸೈನಲ್ಲ ಸಾರ್."

"ನಾನೇ ಸಾಹೇಬ ಕಣಯ್ಯಾ!"

"ಇರಬಹುದು ಸಾರ್. ಸೈನು ನಿಮ್ಮದಲ್ಲ."

"ಎಡಗೈಯಲ್ಲಿ ಹಾಕಿದೀನೋ, ಬ್ಯಾಂಡೇಜ್ ಕಾಣ್ತಿಲ್ವಾ?"

"ಕಾಣ್ತೈತೆ ಸಾರ್. ಬ್ಯಾಂಡೇಜ್ ಇದ್ದೋರಿಗೆ ಸೈನಿಲ್ಲದೆ ಕೊಡಬಹುದು ಅಂತ ನೀವು ಹೇಳಿರಲಿಲ್ಲ. ಹಂಗೆ ಕೊಡಬಹುದು ಅಂತ ಒಂದು ಚೀಟಿ ಬರೆದುಕೊಡಿ, ಕೊಡ್ತೀನಿ."

ಸಾಹೇಬರು ಹಲ್ಲು ಕಚ್ಚಿಕೊಂಡು ಅಲ್ಲೇ ಗೋಡೆಗೆ ಕಾಗದ ಒತ್ತಿ ಇನ್ನೊಂದು ಚೀಟಿ ಬರೆದು ಸೈನು ಹಾಕಿ ಕೊಟ್ಟರು. ನೋಡಿದೆ.

"ಇದರ ಕೆಳಗೂ ಜೇಡಾನೇ ಐತೆ ಸಾರ್."

ಅಷ್ಟರಲ್ಲಿ ಬೆಂಗಳೂರಿನ ಸಾಹೇಬರು ಹಿಂದೆ ಬಂದು ನಿಂತಿದ್ದರು. ಕೆಲಸ ಹೋಯಿತು ಅಂದುಕೊಂಡೆ, ಆದರೂ ಬೀಗದ ಕೈ ಬಿಡಲಿಲ್ಲ. ಕೊನೆಗೆ ಸಾಹೇಬರು ತಲೆ ತಗ್ಗಿಸಿಕೊಂಡು ಹೆಡ್ ಕ್ಲರ್ಕಿನ ಮೇಜಿಗೆ ಹೋದರು. ಹೆಡ್ ಕ್ಲರ್ಕು ಚೀಟಿ ಬರೆದು, ಕೇರೆಹಾವು ಬಿಟ್ಟು, ಕೊಟ್ಟು ಕಳಿಸಿದರು: "ಸಾಹೇಬರನ್ನು ಒಳಗೆ ಬಿಡಬಹುದು." ಹಾವು ಸರಿಯಾಗಿತ್ತು. ಬಿಟ್ಟೆ.

ಬೆಂಗಳೂರಿನವರು ಹೋಗುವಾಗ ನನ್ನ ಬೆನ್ನು ತಟ್ಟಿ, "ಈ ಆಫೀಸಿನಲ್ಲಿ ಕೆಲಸ ಮಾಡೋನು ಇವನೊಬ್ಬನೇ" ಅಂದರು. ಹೆಡ್ ಕ್ಲರ್ಕು ಆ ಚೀಟಿಗೆ ಕಟ್ಟು ಹಾಕಿಸಿ ಮನೆಯ ಹಜಾರದಲ್ಲಿ, ಅವರಪ್ಪನ ಫೋಟೋಗಿಂತ ಒಂದು ಗೇಣು ಮೇಲೆ ನೇತುಹಾಕಿದರು.

೪. ಮೂಗು

ಇದು ಚಿಕ್ಕದು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಐದಾರು ವರ್ಷ ಆದ ಮೇಲೆ ನನಗೆ ಕಪಾಟಿನ ಚಿತ್ರವೂ ಬೇಕಿರಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಫೈಲು ಯಾವೂರಿಂದು ಅಂತ ಹೇಳುತ್ತಿದ್ದೆ. ಊರ್ಡಿಗೆರೆ ಫೈಲು ಹುಲ್ಲು ಸಗಣಿ ವಾಸನೆ. ಕೋರದ್ದು ಲಾರಿಯ ಡೀಸೆಲ್ ವಾಸನೆ, ರಸ್ತೆ ಪಕ್ಕದ ಊರಲ್ವಾ. ಹಿರೇಹಳ್ಳಿಯದು ತುಕ್ಕು ಕಬ್ಬಿಣ, ನೆಕ್ಕಿದರೆ ನಾಲಿಗೆ ಜುಂ ಅನ್ನುತ್ತಿತ್ತು.

ಆಫೀಸಿನವರೆಲ್ಲ ಸೇರಿ ನನ್ನ ಕಣ್ಣಿಗೆ ಟವಲ್ ಕಟ್ಟಿ ಪರೀಕ್ಷೆ ಮಾಡಿದರು. ಹನ್ನೆರಡು ಫೈಲು. ಹನ್ನೊಂದು ಸರಿ ಹೇಳಿದೆ. ಹನ್ನೆರಡನೆಯದು ಮೂಸಿ, "ಈ ಊರಲ್ಲಿ ಈರುಳ್ಳಿ ಬೆಳೀತಾರೆ, ಮೆಣಸಿನಕಾಯಿ ಬೆಳೀತಾರೆ, ಎಣ್ಣೆ ಗಾಣ ಐತೆ, ಕಡಲೆ ಹಿಟ್ಟಿನ ಮಿಲ್ಲೂ ಐತೆ. ನಮ್ಮ ಮೂರು ತಾಲ್ಲೂಕಿನಲ್ಲಿ ಇಂಥ ಸಂಪತ್ತಿನ ಊರು ಇಲ್ಲವೇ ಇಲ್ಲ" ಅಂದೆ.

ಟವಲ್ ಬಿಚ್ಚಿದರೆ, ಹೆಡ್ ಕ್ಲರ್ಕಿನ ಬೋಂಡದ ಪೊಟ್ಟಣ.

೫. ಮೀಸೆ ನೋಡಿ ಹತ್ತಿದೆ

ಈಗ ಬಂತು ನೋಡಿ ಆಪತ್ತು.

ಯಾರೋ ಗುಮಾಸ್ತರು ನನ್ನ ಚಿತ್ರಗಳ ಕೆಳಗೆ ಒಂದೊಂದು ಚೀಟಿ ಅಂಟಿಸಿದ್ದರು. ಗುಬ್ಬಚ್ಚಿ ಕೆಳಗೆ "ಗುಬ್ಬಿ". ಕುದುರೆ ಕೆಳಗೆ "ಕುಣಿಗಲ್". ನಾನು ಅದನ್ನು ಓದೋಕೆ ಹೋಗಲಿಲ್ಲ, ದೇವರಾಣೆ. ಆದರೆ ಏಳು ವರ್ಷ ದಿನಾ ಬೆಳಗ್ಗೆ ಗುಬ್ಬಚ್ಚಿ ಮುಖ ನೋಡಿದರೆ ಅದರ ಕಾಲ ಕೆಳಗಿನದೂ ಕಣ್ಣಿಗೆ ಬೀಳುತ್ತೆ ತಾನೇ? ಒಂದು ದಿನ ಧೂಳು ಹೊಡೀತಿದ್ದೆ, ಆ ಅಕ್ಷರ ಇದ್ದಕ್ಕಿದ್ದ ಹಾಗೆ "ಗುಬ್ಬಿ" ಅಂದುಬಿಡ್ತು. ಹೆದರಿ ಪಕ್ಕಕ್ಕೆ ತಿರುಗಿದೆ. ಕುದುರೆ ಕಾಲ ಕೆಳಗಿನದು "ಕುಣಿಗಲ್" ಅಂತು. "ಗು" ಗೊತ್ತಾಯಿತು, "ಕು" ಗೊತ್ತಾಯಿತು, ಅಲ್ಲಿಂದಾಚೆ ತಡೆಯೋರು ಯಾರು? ಗಜಕರ್ಣ ಹಬ್ಬಿದ ಹಾಗೆ ಹಬ್ಬಿತು. ಆರು ತಿಂಗಳಲ್ಲಿ ಬೆಂಕಿಪೊಟ್ಟಣ, ಸೋಪಿನ ಕಾಗದ, ಗೋಡೆ ಮೇಲಿನ ಓಟಿನ ಬರಹ ಎಲ್ಲ ಮಾತಾಡತೊಡಗಿದವು. ಸ್ಕೂಲಿನ ಮೆಟ್ಟಿಲು ತುಳಿಯದೆ, ಮೇಷ್ಟ್ರ ಬೆತ್ತ ನೋಡದೆ, ಬರೀ ಧೂಳು ಹೊಡೆದು ಓದು ಕಲಿತವನು ಲೋಕದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಆದರೆ ಸಂತೋಷಪಡೋ ಹಾಗಿಲ್ಲ! ಗೊತ್ತಾದರೆ ಬೀಗದ ಕೈ ಹೋಗುತ್ತೆ. ನಮ್ಮವಳಿಗೆ ಮಾತ್ರ ಹೇಳಿದೆ. ಅವಳು ಎದೆ ಎದೆ ಬಡಿದುಕೊಂಡಳು. "ಅಯ್ಯೋ, ಬುಡ್ರೀ ಆ ಚಾಳಿನ! ಯಾರಾನಾ ನೋಡಿದ್ರೆ ಏನು ಗತಿ? ಬೇರೆಯೋರ ಗಂಡಂದ್ರು ಬೀಡಿ ಕಲೀತಾರೆ, ನೀವು ಇದನ್ನ ಕಲ್ತು ಬಂದ್ರಾ?"

ಒಂದು ಶನಿವಾರ ಮಧ್ಯಾಹ್ನ ನಮ್ಮವಳ ತಂಗಿ ಮನೆಗೆ ಅಂತ ಬಸ್ ಸ್ಟ್ಯಾಂಡಿಗೆ ಹೋದೆ. ಸಾಲಾಗಿ ಐದು ಬಸ್ಸು ನಿಂತಿವೆ. ಯಾರನ್ನೂ ಕೇಳದೆ ನೆಟ್ಟಗೆ ಮೂರನೇ ಬಸ್ಸು ಹತ್ತಿ ಕೂತೆ. ಪಕ್ಕದಲ್ಲಿ ನೋಡಿದರೆ ಹೆಡ್ ಕ್ಲರ್ಕು!

"ಏನಯ್ಯಾ, ಎಲ್ಲಿಗೆ?"

"ಕುಣಿಗಲ್‌ಗೆ ಸಾರ್."

"ಇದು ಕುಣಿಗಲ್ ಬಸ್ಸು ಅಂತ ಹೇಗೆ ಗೊತ್ತಾಯ್ತು? ಬೋರ್ಡ್ ಓದಿದ್ಯಾ?"

"ಶಿವ ಶಿವಾ, ಓದೋದಾ? ಡ್ರೈವರ್ ಮೀಸೆ ನೋಡಿ ಹತ್ತಿದೆ ಸಾರ್. ಕುಣಿಗಲ್ ಬಸ್ಸಿನ ಡ್ರೈವರಿಗೆ ದಪ್ಪ ಮೀಸೆ."

ಅಷ್ಟು ಹೊತ್ತಿಗೆ ಡ್ರೈವರು ಬಂದು ಸೀಟಿನಲ್ಲಿ ಕೂತ. ಮೀಸೆ ಮೂತಿ ಎರಡೂ ನುಣ್ಣಗೆ ಬೋಳಿಸಿದ್ದ. ಹೆಡ್ ಕ್ಲರ್ಕು ನನ್ನ ಮುಖ ನೋಡಿದರು.

"ಮೀಸೇನೇ ಇಲ್ಲವಲ್ಲೋ?"

"ಹಂಗಾದ್ರೆ ಇದು ಕುಣಿಗಲ್ ಬಸ್ಸಲ್ಲ ಸಾರ್" ಅಂತ ಇಳಿದುಬಿಟ್ಟೆ. ಇಳಿದವನು ಮಾನ ಉಳಿಸಿಕೊಳ್ಳೋಕೆ ದಪ್ಪ ಮೀಸೆಯ ಡ್ರೈವರ್ ಇದ್ದ ಬಸ್ಸು ಹುಡುಕಿ ಹತ್ತಬೇಕಾಯಿತು. ಅದು ಸಿರಾಕ್ಕೆ ಹೋಗುತ್ತಿತ್ತು. ಬೋರ್ಡು ಓದಿಯೇ ಹತ್ತಿದೆ, ಏನು ಮಾಡೋದು?

೬. ಈ ಕಾಗದ ತಂದವನು

ಎಂಬತ್ತರ ಈಚೆಗೆ ಹಳೇ ಸಾಹೇಬರು ರಿಟೈರಾಗಿ ಹೊಸ ಸಾಹೇಬರು ಬಂದರು. ಕಡ್ಡಿಯಂಥ ಮನುಷ್ಯ, ನಗು ಅನ್ನೋದನ್ನು ಹುಟ್ಟಿದ ಮನೆಯಲ್ಲೇ ಬಿಟ್ಟು ಬಂದವರು. ಆಡಳಿತದಲ್ಲಿ ಕನ್ನಡ ಬರಬೇಕು ಅಂತ ಮೇಲಿನಿಂದ ಆರ್ಡರ್ ಬಂದಿತ್ತು. ಹಳಬರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಗುಟ್ಟಿನ ರಿಪೋರ್ಟನ್ನ ಈ ಸಾಹೇಬರು ಮುತ್ತು ಪೋಣಿಸಿದಂಥ ಕನ್ನಡದಲ್ಲಿ ತಮ್ಮ ಕೈಯಾರೆ ಬರೆಯತೊಡಗಿದರು. ನನ್ನ ಗ್ರಹಚಾರ ನೋಡಿ. ಬೀರು ಒರೆಸೋನು ನಾನು, ಕಟ್ಟು ಕಟ್ಟೋನು ನಾನು. ಕಣ್ಣು ಮುಚ್ಚಿಕೊಂಡು ಎಷ್ಟು ಅಂತ ಕಟ್ಟೋದು?

ಓದಿದೆ. ಹೌದು, ಓದಿದೆ. ಗುಬ್ಬಿ ಗುಮಾಸ್ತರ ರಿಪೋರ್ಟಿನಲ್ಲಿ "ನಿಧಾನ, ಆದರೆ ಇವರು ಬರೆದ ಕಾಗದದಲ್ಲಿ ಇದುವರೆಗೆ ಒಂದು ತಪ್ಪೂ ಸಿಕ್ಕಿಲ್ಲ" ಅಂತ ಇತ್ತು. ಆ ಪುಣ್ಯಾತ್ಮ ಹೊರಗಡೆ ಉಗುರು ಕಚ್ಚಿಕೊಂಡು ಕೂತಿದ್ದಾರೆ. ಹೇಳಿದರೆ ಹಾರಿ ಕುಣಿಯುತ್ತಿದ್ದರು. ನನ್ನ ನಾಲಿಗೆ ಹಲ್ಲಿಗೆ ಬಡಿದು ಬಡಿದು ಊದಿಕೊಂಡಿತು, ಹೇಳಲಿಲ್ಲ.

ಹೊಸ ಸಾಹೇಬರಿಗೆ ಮೊದಲ ವಾರದಲ್ಲೇ ಅನುಮಾನ. "ನಿನಗೆ ನಿಜವಾಗಲೂ ಓದೋಕೆ ಬರಲ್ವಾ?" ಅಂತ ಕನ್ನಡಕದ ಮೇಲಿನಿಂದ ನೋಡಿದರು.

"ಕಾಗದ ಗಟ್ಟಿ ಇದೆಯಾ ಅಂತ ಹೇಳಬಲ್ಲೆ ಸಾರ್."

"ಬರುತ್ತೆ ಅಂತ ಗೊತ್ತಾದ ದಿನ ಬೀಗದ ಕೈ ಕಿತ್ಕೊಂಡು ಪೊರಕೆ ಕೊಡ್ತೀನಿ, ತಿಳೀತಾ?"

ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿಸಿದರು: "ಅಟೆಂಡರುಗಳಿಗೆ ಇಂದು ಮಧ್ಯಾಹ್ನ ರಜೆ." ಉಳಿದವರು ಕುಪ್ಪಳಿಸಿಕೊಂಡು ಸಿನಿಮಾಗೆ ಹೋದರು. ನಾನು ಅದರ ಕೆಳಗೇ ಸ್ಟೂಲು ಹಾಕಿಕೊಂಡು ಸಂಜೆವರೆಗೂ ನೊಣ ಹೊಡೆದೆ. ಅವತ್ತು ಯಾವ ಸಿನಿಮಾ ಅಂತ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಇನ್ನೊಂದು ದಿನ ಒಂದು ಚೀಟಿ ಬರೆದು, ಮಡಿಸದೆ ಬಿಡಿಯಾಗಿ ಕೊಟ್ಟು, "ಇದನ್ನ ಹೆಡ್ ಕ್ಲರ್ಕಿಗೆ ಕೊಡು" ಅಂದು ನನ್ನ ಮುಖವನ್ನೇ ನೋಡುತ್ತಾ ಕೂತರು. ಚೀಟಿಯಲ್ಲಿ ದಪ್ಪನೆ ಅಕ್ಷರ: "ಈ ಕಾಗದ ತಂದವನು ಶುದ್ಧ ಕತ್ತೆ."

ನನ್ನ ಮುಖದಲ್ಲಿ ಒಂದು ಕೂದಲೂ ಅಲ್ಲಾಡಲಿಲ್ಲ. ಕಣ್ಣಿಗೊತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಹೆಡ್ ಕ್ಲರ್ಕಿಗೆ ಕೊಟ್ಟೆ. ಅವರು ಓದಿ ನಗು ತಡೆಯಲಾರದೆ ಮೇಜಿನ ಕೆಳಗೆ ಬಗ್ಗಿದರು.

"ಏನು ಬರೆದವ್ರೆ ಸಾರ್?"

"ನಿನ್ನನ್ನ ಬಹಳ ಹೊಗಳವ್ರೆ ಕಣಯ್ಯಾ."

ನಾನು ನೆಟ್ಟಗೆ ಸಾಹೇಬರ ಮುಂದೆ ಹೋಗಿ ಕೈ ಮುಗಿದೆ. "ನನ್ನ ಹೊಗಳಿ ಬರೆದಿದ್ದೀರಂತೆ ಸಾರ್. ನಿಮ್ಮದು ದೊಡ್ಡ ಮನಸ್ಸು. ನೀವು ನನಗೆ ಏನು ಅಂದಿದ್ದೀರೋ, ದೇವರು ಅದರ ಎರಡರಷ್ಟು ನಿಮ್ಮನ್ನೂ ಮಾಡಲಿ."

೭. ಬಿಸ್ಕತ್ತು

ಇಷ್ಟು ಗೆದ್ದವನು ಎಡವಿದ್ದು ಎಲ್ಲಿ ಅಂತ ಕೇಳಿ.

ಆ ವರ್ಷ ಹೆಡ್ ಕ್ಲರ್ಕಿನ ರಿಪೋರ್ಟನ್ನು ಬೀರುವಿನಲ್ಲಿಡು ಅಂತ ಸಾಹೇಬರು ಕೊಟ್ಟರು. ಇಡೋ ಮುಂಚೆ ಕಣ್ಣು ಹಾಯಿಸಿದೆ. "ಇವರನ್ನು ಕೂಡಲೇ ದೂರದ ಊರಿಗೆ ವರ್ಗ ಮಾಡತಕ್ಕದ್ದು" ಅಂತ ಬರೆದಿತ್ತು. ಆನೆಯಂಥ ಮನುಷ್ಯ, ಮಗಳ ಮದುವೆ ಗೊತ್ತಾಗಿತ್ತು, ಛತ್ರ ಕೂಡ ತುಮಕೂರಿನಲ್ಲೇ ಹಿಡಿದಿದ್ದರು. ಹೇಳೋ ಹಾಗಿಲ್ಲ, ನೋಡಿಕೊಂಡು ಸುಮ್ಮನಿರೋ ಹಾಗೂ ಇಲ್ಲ. ಏನು ಮಾಡಲಿ? ದಿನಾ ಅವರಿಗೆ ಟೀ ಕೊಡುವಾಗ ತಟ್ಟೆಯಲ್ಲಿ ಎರಡು ಬಿಸ್ಕತ್ತು ಇಡೋಕೆ ಶುರು ಮಾಡಿದೆ. ಹತ್ತು ವರ್ಷದಲ್ಲಿ ಅವರಿಗೆ ನಾನು ಬಿಸ್ಕತ್ತು ಕೊಟ್ಟವನಲ್ಲ.

"ಏನಯ್ಯಾ ಇದು, ನನಗೇನಾದ್ರೂ ಕಾಯಿಲೆನಾ?" ಅಂತ ಅವರು ಹೆದರಿಕೊಂಡರು.

"ತಿನ್ನಿ ಸಾರ್. ಇದ್ದಾಗ ತಿನ್ನಬೇಕು" ಅಂದೆ. ಅವರು ಇನ್ನೂ ಹೆದರಿ ಡಾಕ್ಟರ ಹತ್ತಿರ ಹೋಗಿ ಬಂದರು.

ಎರಡು ವಾರ ಆಯಿತು. ವರ್ಗದ ಆರ್ಡರೂ ಬರಲಿಲ್ಲ, ಏನೂ ಬರಲಿಲ್ಲ. ಒಂದು ಸೋಮವಾರ ಸಾಹೇಬರು ಕರೆದರು. ಮೇಜಿನ ಮೇಲೆ ದಾರ ಕಟ್ಟಿದ ಒಂದು ಫೈಲು. ಮೇಜಿನ ಪಕ್ಕದಲ್ಲಿ, ನೋಡಿ ನನ್ನ ಜೀವ ಹೋಯಿತು, ಅಂಗಳದ ಪೊರಕೆ ಒರಗಿಸಿತ್ತು.

"ಇದು ನಿನ್ನ ರಿಪೋರ್ಟು. ಬೀಗದ ಕೈ ವಿಷಯ ಇದರಲ್ಲಿ ತೀರ್ಮಾನ ಮಾಡಿದೀನಿ. ಬೀರುವಿನಲ್ಲಿಟ್ಟು ನನಗೆ ಟೀ ತಗೊಂಡು ಬಾ."

"ಏನು ತೀರ್ಮಾನ ಸಾರ್?"

"ಅದು ಗುಟ್ಟು. ನಿನಗೆ ಓದೋಕೆ ಬರಲ್ವಲ್ಲ, ಪಾಪ."

ಕ್ಯಾಂಟೀನಿನಿಂದ ಟೀ ತಂದು ರೆಕಾರ್ಡ್ ರೂಮಿನ ಕಿಟಕಿ ಮೇಲಿಟ್ಟೆ. ಬೀಗ ತೆಗೆದೆ. ಬೀರು ತೆಗೆದೆ. ಓದಲ್ಲ ಅಂತ ಮನಸ್ಸಿನಲ್ಲೇ ಮೂರು ಸಲ ಆಣೆ ಇಟ್ಟೆ. ಆದರೆ ನೀವೇ ಹೇಳಿ, ಜೀವಮಾನದಲ್ಲಿ ಒಬ್ಬರು ನಮ್ಮ ಬಗ್ಗೆ ಒಂದು ಹಾಳೆ ಬರೆದಿದ್ದಾರೆ ಅಂದರೆ, ಓದದೆ ಇಡೋಕೆ ನಾನೇನು ಕಲ್ಲಾ? ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ದಾರ ಬಿಚ್ಚಿದೆ. ಅದರಲ್ಲಿದ್ದದ್ದು ಇಷ್ಟು, ಒಂದಕ್ಷರ ಬಿಡದೆ ಹೇಳ್ತೀನಿ:

"ಈ ಮನುಷ್ಯನಿಗೆ ಓದಲು ಬರುತ್ತದೆ. ಕತ್ತೆ ಎಂದು ಬರೆದ ಚೀಟಿಯನ್ನು ಕಣ್ಣಿಗೊತ್ತಿಕೊಂಡಾಗಲೇ ಸಂಶಯವಾಯಿತು, ಏಕೆಂದರೆ ಅದಕ್ಕೂ ಹಿಂದೆ ನಾನು ಕೊಟ್ಟ ಯಾವ ಕಾಗದವನ್ನೂ ಇವನು ಕಣ್ಣಿಗೊತ್ತಿಕೊಂಡಿರಲಿಲ್ಲ. ಖಚಿತ ಮಾಡಿಕೊಳ್ಳಲು ಹೆಡ್ ಕ್ಲರ್ಕಿಗೆ ವರ್ಗವೆಂದು ಸುಳ್ಳು ಬರೆದು ಇವನ ಕೈಗೆ ಕೊಟ್ಟೆ. ಮಾರನೆಯ ದಿನದಿಂದ ಅವರಿಗೆ ಬಿಸ್ಕತ್ತು ಹೋಗತೊಡಗಿತು. ಆದರೆ ಒಂದು ಮಾತೂ ಹೋಗಲಿಲ್ಲ. ಓದಲು ಬರದವನು ಗುಟ್ಟು ಕಾಯುವುದು ದೊಡ್ಡದಲ್ಲ. ಇವನು ಓದಿಯೂ ಕಾದಿದ್ದಾನೆ. ಆದ್ದರಿಂದ ಬೀಗದ ಕೈ ಇವನ ಹತ್ತಿರವೇ ಇರತಕ್ಕದ್ದು. ಕೊನೆಯದಾಗಿ, ಇದನ್ನು ಓದಿ ಮುಗಿಸಿದ ಮೇಲೆ ಗಂಟನ್ನು ನಾನು ಹಾಕಿದ್ದ ಹಾಗೆ ಬಲಕ್ಕೆ ಹಾಕು. ನೀನು ಯಾವಾಗಲೂ ಎಡಕ್ಕೆ ಹಾಕುತ್ತೀಯ."

ಅಕ್ಷರ ಎಲ್ಲ ನೀರಿನಲ್ಲಿ ತೇಲಾಡಿದವು. ಧೂಳು ಬಿತ್ತು ಅಂತ ಇಟ್ಟುಕೊಳ್ಳಿ. ಕಣ್ಣೊರೆಸಿಕೊಂಡು, ನಾಲಿಗೆ ಕಚ್ಚಿ, ಬೆರಳು ತಿರುಚಿ, ಹುಟ್ಟಿದ ಮೇಲೆ ಮೊದಲ ಸಲ ಬಲಕ್ಕೆ ಒಂದು ಗಂಟು ಹಾಕಿದೆ. ಬೀರು ಮುಚ್ಚಿದೆ, ಬೀಗ ಹಾಕಿದೆ. ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡೆ. ಆ ಮುಖ ಮಾಡೋದರಲ್ಲಿ ನನ್ನನ್ನು ಮೀರಿಸಿದವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಟೀ ತಗೊಂಡು ಹೋಗಿ ಸಾಹೇಬರ ಮುಂದಿಟ್ಟೆ.

ಸಾಹೇಬರು ಏನೋ ಬರೆಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ಗಂಟು ಯಾವ ಕಡೆಗೆ ಹಾಕಿದೆ?"

"ಬಲಕ್ಕೇ ಸಾರ್, ನೀವು ಬರೆದಿದ್ದ ಹಂಗೇ!"

ಮಾತು ಬಾಯಿಂದ ಆಚೆ ಬಿದ್ದ ಮೇಲೆ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಸಾಹೇಬರು ಪೆನ್ನು ಕೆಳಗಿಟ್ಟರು. ಟೀ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ತಣ್ಣಗಾಗಿದೆ ಕಣಯ್ಯಾ. ಇನ್ನು ಮೇಲೆ ಸ್ವಲ್ಪ ಬೇಗ ಬೇಗ ಓದು."